ಸಿದ್ಧತೆ ಪ್ರಗತಿಯಲ್ಲಿದೆ

ಚುನಾವಣೆ ಮುಂದೂಡಲು ನೂರೆಂಟು ನೆಪಗಳಿವೆ. ಮಳೆ ಇದೆ, ಪರೀಕ್ಷೆ ಇದೆ, ಹಬ್ಬ ಇದೆ, ಕೋರ್ಟಿನಲ್ಲಿ ಅರ್ಜಿ ಇದೆ. ಈ ಎಲ್ಲ ನೆಪಗಳ ಯಜಮಾನ ಮಾತ್ರ ಒಬ್ಬನೇ: ‘ಸಿದ್ಧತೆಗೆ ಸಮಯ ಸಾಲದು.’ ಹಣವಿಲ್ಲ ಎಂದವನ ಹತ್ತಿರ ಲೆಕ್ಕ ಕೇಳುತ್ತಾರೆ. ಮನಸ್ಸಿಲ್ಲ ಎಂದವನ ಹತ್ತಿರ ರಾಜೀನಾಮೆ ಕೇಳುತ್ತಾರೆ. ಸಿದ್ಧತೆ ಆಗಿಲ್ಲ ಎಂದವನ ಹತ್ತಿರ ಯಾರೂ ಏನೂ ಕೇಳುವುದಿಲ್ಲ. ‘ಪಾಪ, ಎಲ್ಲ ಅಚ್ಚುಕಟ್ಟಾಗಿ ಮಾಡುವ ಮನುಷ್ಯ’ ಎಂದು ಇನ್ನೊಂದಿಷ್ಟು ದಿನ ಕೊಟ್ಟು ಕಳಿಸುತ್ತಾರೆ.

ಈ ನೆಪದ ತವರು ನಮ್ಮ ಬೆಂಗಳೂರೇ ಎಂದು ನಾವು ಒಳಗೊಳಗೇ ಹೆಮ್ಮೆಪಡುತ್ತಿದ್ದೆವು. ಹಾಗೆ ಬೀಗುವ ಅಗತ್ಯವಿಲ್ಲ. ದುಡ್ಡಿಗಾಗಲಿ ಯಂತ್ರಕ್ಕಾಗಲಿ ಬರವಿಲ್ಲದ ನ್ಯೂಯಾರ್ಕ್ ನಗರವೂ ಈ ವಿದ್ಯೆಯಲ್ಲಿ ಪಳಗಿದ್ದೇ. ವ್ಯತ್ಯಾಸ ಇಷ್ಟೆ: ಅವರಿಗೆ ಹದಿನಾಲ್ಕು ದಿನ ಸಾಲಲಿಲ್ಲ, ನಮಗೆ ಐದು ವರ್ಷ ಸಾಲಲಿಲ್ಲ.

ಅವರ ಹದಿನಾಲ್ಕು ದಿನದ ಕಥೆ ಅರ್ಥವಾಗಬೇಕಾದರೆ ಮೊದಲು ಗೆಲುವಿನ ಲೆಕ್ಕ ನೋಡಬೇಕು. ನಮ್ಮಲ್ಲಿ ಹತ್ತು ಜನ ನಿಂತು, ಒಬ್ಬನಿಗೆ ನೂರಕ್ಕೆ ಹದಿನೆಂಟು ಮತ ಬಿದ್ದು, ಉಳಿದ ಒಂಬತ್ತು ಮಂದಿಗೆ ತಲಾ ಅದಕ್ಕಿಂತ ಕಡಿಮೆ ಬಿದ್ದರೆ ಹದಿನೆಂಟರವನೇ ಗೆದ್ದ. ಎಂಬತ್ತೆರಡು ಜನ ಬೇಡವೆಂದವನು ‘ಜನಾದೇಶ ಸಿಕ್ಕಿದೆ’ ಎಂದು ಸೇಬಿನ ಹಾರ ಹಾಕಿಸಿಕೊಂಡು ತೆರೆದ ಜೀಪಿನಲ್ಲಿ ಮೆರವಣಿಗೆ ಹೊರಡುತ್ತಾನೆ. ಕೆಲವು ದೇಶಗಳ ನಗರಗಳು ಇದನ್ನು ಒಪ್ಪುವುದಿಲ್ಲ. ಗೆಲ್ಲಬೇಕಾದರೆ ನೂರಕ್ಕೆ ಇಷ್ಟು ಮತ ಬೇಕು ಎಂದು ಮೊದಲೇ ಗೆರೆ ಎಳೆದಿರುತ್ತವೆ. ಯಾರೂ ಗೆರೆ ದಾಟದಿದ್ದರೆ ಮೊದಲ ಇಬ್ಬರನ್ನು ಉಳಿಸಿಕೊಂಡು, ಮಿಕ್ಕವರನ್ನು ಮನೆಗೆ ಕಳಿಸಿ, ಮತ್ತೊಮ್ಮೆ ಮತದಾನ. ಇದೇ ರನ್‌ಆಫ್. ನಮ್ಮ ಭಾಷೆಯಲ್ಲಿ ಎರಡನೇ ಸುತ್ತು.

ಕೇಳಲು ಚೆಂದ. ಮಾಡಲು ಹೊರಟಾಗ ಗೊತ್ತಾಗುತ್ತದೆ. ಮೊದಲ ಸುತ್ತಿನ ಮತ ಎಣಿಸಬೇಕು, ಅಂಚೆಯಲ್ಲಿ ಬಂದದ್ದನ್ನೂ ಸೇರಿಸಬೇಕು, ಫಲಿತಾಂಶಕ್ಕೆ ಮೊಹರು ಹಾಕಬೇಕು. ಆಮೇಲೆ ಇಬ್ಬರ ಹೆಸರಿನ ಹೊಸ ಮತಪತ್ರ ಅಚ್ಚಾಗಬೇಕು, ದೂರದಲ್ಲಿರುವವರಿಗೆ ರವಾನೆಯಾಗಬೇಕು, ಯಂತ್ರಗಳನ್ನು ಸೊನ್ನೆಗೆ ತಂದು ಪರೀಕ್ಷಿಸಬೇಕು, ಸಿಬ್ಬಂದಿಯನ್ನು ಮತ್ತೆ ಕರೆಸಬೇಕು. ಮದುವೆ ಮನೆಯಲ್ಲಿ ಮೊದಲ ಪಂಕ್ತಿ ಎದ್ದ ಮೇಲೆ ಎಲೆ ತೆಗೆದು, ನೆಲ ಒರೆಸಿ, ಎರಡನೇ ಪಂಕ್ತಿಗೆ ಎಲೆ ಹಾಕುವಷ್ಟು ಹೊತ್ತು ಬೇಕೇ ಬೇಕು. ಅವಸರ ಮಾಡಿದರೆ ಎಂಜಲೆಲೆಯ ಮೇಲೆಯೇ ಕೂರಬೇಕಾಗುತ್ತದೆ. ತಡ ಮಾಡಿದರೆ ಜನ ಹಸಿದ ಹೊಟ್ಟೆಯಲ್ಲೇ ತಾಂಬೂಲ ತೆಗೆದುಕೊಂಡು ಹೊರಟುಬಿಡುತ್ತಾರೆ. ಎಷ್ಟು ಹೊತ್ತು ಎಂಬುದೇ ಪ್ರಶ್ನೆ.

ನ್ಯೂಯಾರ್ಕ್‌ಗೆ ಈ ಪ್ರಶ್ನೆ ಗಂಟುಬಿದ್ದದ್ದು 1969ರಲ್ಲಿ. ಆ ವರ್ಷ ಡೆಮಾಕ್ರಟಿಕ್ ಪಕ್ಷದ ಮೇಯರ್ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿಗೆ ಐದು ಜನ ನಿಂತರು. ಕಾದಂಬರಿಕಾರ ನಾರ್ಮನ್ ಮೇಲರ್ ಕೂಡ ಅವರಲ್ಲೊಬ್ಬರು. ನ್ಯೂಯಾರ್ಕನ್ನು ಅಮೆರಿಕದ 51ನೇ ರಾಜ್ಯ ಮಾಡುತ್ತೇನೆ ಎಂದು ಹೊರಟಿದ್ದರು. ಮತಗಳು ಐದು ಪಾಲಾಗಿ, ಮಾರಿಯೊ ಪ್ರೊಕಾಚಿನೊ ಮೂರನೇ ಒಂದು ಪಾಲಿನಷ್ಟು ಹಿಡಿದು ಗೆದ್ದರು. ನವೆಂಬರಿನಲ್ಲಿ ಸೋತರು. ಗೆದ್ದವರು ಹಾಲಿ ಮೇಯರ್ ಜಾನ್ ಲಿಂಡ್ಸೆ. ತಮ್ಮ ರಿಪಬ್ಲಿಕನ್ ಪಕ್ಷದ ಪ್ರೈಮರಿಯಲ್ಲಿ ಮಣ್ಣುಮುಕ್ಕಿ, ಲಿಬರಲ್ ಪಕ್ಷದ ಟಿಕೆಟ್ ಹಿಡಿದು ಬಂದವರು. ಪಕ್ಷಾಂತರದಲ್ಲಿ ನಾವೇ ಮುಂದು ಎಂದುಕೊಂಡವರು ಇದನ್ನೂ ಗಮನಿಸಬಹುದು. ಇಂಥ ಪೇಚು ಮತ್ತೆ ಬರಬಾರದೆಂದು 1972ರಲ್ಲಿ ಕಾನೂನು ಮಾಡಿದರು: ಮೇಯರ್ ಸೇರಿದಂತೆ ಇಡೀ ನಗರಕ್ಕೆ ಸಂಬಂಧಿಸಿದ ಹುದ್ದೆಗಳ ಪ್ರೈಮರಿಯಲ್ಲಿ ಯಾರಿಗೂ ನೂರಕ್ಕೆ 40 ಮತ ಬಾರದಿದ್ದರೆ ರನ್‌ಆಫ್. ಮುಂದೆ ಅದಕ್ಕೆ ಸಿಗುತ್ತಿದ್ದ ಸಮಯ ಸುಮಾರು ಎರಡು ವಾರ.

ಎರಡು ವಾರ ಆಗ ಸಾಕಾಗುತ್ತಿತ್ತು. ಕಾರಣ, ಅವರ ಮತಯಂತ್ರಗಳಿಗೆ ತಲೆಯೇ ಇರಲಿಲ್ಲ. ಆಳೆತ್ತರದ ಕಬ್ಬಿಣದ ಪೆಟ್ಟಿಗೆ, ಮುಂದೊಂದು ಪರದೆ, ಪ್ರತಿ ಹೆಸರಿಗೊಂದು ಪುಟ್ಟ ಹಿಡಿಕೆ. ಹಿಡಿಕೆ ಒತ್ತಿ, ದೊಡ್ಡ ಸನ್ನೆ ಎಳೆದರೆ ಒಳಗಿನ ಹಲ್ಲುಚಕ್ರ ಒಂದಂಕೆ ಮುಂದೆ ಸರಿಯುತ್ತಿತ್ತು. ಮತ್ತೆ ಚುನಾವಣೆ ಬಂದರೆ ಅಂಕೆಗಳನ್ನು ಸೊನ್ನೆಗೆ ತಿರುಗಿಸಿ, ಹೆಸರಿನ ಪಟ್ಟಿ ಬದಲಿಸಿದರೆ ಮುಗಿಯಿತು. 1977ರಲ್ಲಿ ಎಡ್ ಕೋಚ್ ಮತ್ತು ಮಾರಿಯೊ ಕುವೊಮೊ ನಡುವಿನ ರನ್‌ಆಫ್ ಇದೇ ಪೆಟ್ಟಿಗೆಗಳಲ್ಲಿ ನಡೆದು, ಕುವೊಮೊ ಸೋತರು. 2001ರಲ್ಲಂತೂ ಪ್ರೈಮರಿ ಇದ್ದದ್ದೇ ಸೆಪ್ಟೆಂಬರ್ 11ರಂದು. ಬೆಳಿಗ್ಗೆ ಮತದಾನ ಶುರುವಾಗಿದೆ, ಅವಳಿ ಗೋಪುರಗಳು ಉರುಳಿವೆ. ಮತದಾನ ನಿಲ್ಲಿಸಿ, ಸೆಪ್ಟೆಂಬರ್ 25ಕ್ಕೆ ಮತ್ತೆ ನಡೆಸಿ, ಅಕ್ಟೋಬರ್ 11ಕ್ಕೆ ರನ್‌ಆಫನ್ನೂ ಮುಗಿಸಿದರು. ನಗರದ ಒಂದು ಭಾಗ ಇನ್ನೂ ಹೊಗೆಯಾಡುತ್ತಿದ್ದಾಗ ಹದಿನಾರು ದಿನದಲ್ಲಿ ಎರಡನೇ ಸುತ್ತು ನಡೆಸಿದ ಊರು ಅದು. ‘ಸಿದ್ಧತೆಗೆ ಸಮಯ ಸಾಲದು’ ಎನ್ನಲು ಅದಕ್ಕಿಂತ ಒಳ್ಳೆಯ ಕಾರಣ ಇನ್ನೊಂದು ಸಿಗುವುದಿಲ್ಲ. ಅಂದು ಎರಡನೇ ಸುತ್ತು ನಿಲ್ಲಿಸಲು ಅದನ್ನು ಬಳಸಿಕೊಳ್ಳಲಿಲ್ಲ ಎಂದರೆ, ಅಲ್ಲಿನ ರಾಜಕಾರಣಿಗಳು ಆಗಿನ್ನೂ ಪಕ್ವವಾಗಿರಲಿಲ್ಲ.

ಪಕ್ವತೆ ಬಂದದ್ದು 2010ರಲ್ಲಿ, ಯಂತ್ರಗಳಿಗೆ ತಲೆ ಬಂದಾಗ. ಆ ವರ್ಷ ಕಬ್ಬಿಣದ ಪೆಟ್ಟಿಗೆಗಳನ್ನು ಗೋದಾಮಿಗೆ ತಳ್ಳಿ, ಕೋಟಿಗಟ್ಟಲೆ ಡಾಲರ್ ಸುರಿದು, ಮತಪತ್ರವನ್ನು ಓದಿ ತಾನೇ ಲೆಕ್ಕ ಹಾಕುವ ಸ್ಕ್ಯಾನರ್‌ಗಳನ್ನು ತಂದರು. ತಲೆ ಬಂದದ್ದೇ ತಡ, ಸೋಮಾರಿತನವೂ ಬಂತು. ಪ್ರತಿ ಚುನಾವಣೆಗೂ ಪ್ರತಿ ಸ್ಕ್ಯಾನರಿಗೂ ಹೊಸದಾಗಿ ಪಾಠ ಹೇಳಬೇಕು, ಪರೀಕ್ಷೆಯ ಮತಪತ್ರ ತಿನ್ನಿಸಿ ನೋಡಬೇಕು. ಮತಪತ್ರ ಅಚ್ಚಾಗಬೇಕು. ಮೊದಲ ಸುತ್ತಿನ ಲೆಕ್ಕ ಮುಗಿಯುವವರೆಗೆ ಅದರ ನೆನಪನ್ನು ಅಳಿಸುವಂತಿಲ್ಲ. 2013ರ ಮೇಯರ್ ಚುನಾವಣೆ ಹತ್ತಿರ ಬಂದಾಗ ನಗರದ ಚುನಾವಣಾ ಮಂಡಳಿ ಕೈಚೆಲ್ಲಿತು: ಎರಡು ವಾರದಲ್ಲಿ ಈ ಯಂತ್ರಗಳಿಂದ ರನ್‌ಆಫ್ ಸಾಧ್ಯವಿಲ್ಲ.

ಈ ಮಂಡಳಿಯ ರಚನೆಯೇ ಸ್ವಾರಸ್ಯವಾಗಿದೆ. ಹತ್ತು ಆಯುಕ್ತರು, ಬರೋ ಎಂಬ ನಗರದ ಐದು ವಿಭಾಗಗಳಿಂದ ತಲಾ ಇಬ್ಬರು, ಒಬ್ಬರು ಡೆಮಾಕ್ರಟಿಕ್ ಪಕ್ಷದವರು, ಒಬ್ಬರು ರಿಪಬ್ಲಿಕನ್ ಪಕ್ಷದವರು. ಆಟಗಾರರೇ ಅಂಪೈರುಗಳನ್ನು ಸಮಪಾಲಾಗಿ ನೇಮಿಸಿಕೊಳ್ಳುವ ವ್ಯವಸ್ಥೆ. ಹೀಗಾಗಿ ತಪ್ಪು ನಡೆದರೆ ಅದು ಎರಡೂ ಪಕ್ಷದ್ದು, ಅಂದರೆ ಯಾರದ್ದೂ ಅಲ್ಲ.

ಯಂತ್ರಕ್ಕೆ ಎರಡು ವಾರ ಸಾಲದು ಎಂಬುದು 2013ರಲ್ಲಿ ಉಂಟಾದ ಆಕಸ್ಮಿಕವಲ್ಲ. ಯಂತ್ರ ಬಂದು ಮೂರು ವರ್ಷವಾಗಿತ್ತು, ಕಾನೂನು ಬಂದು ನಲವತ್ತೊಂದು ವರ್ಷವಾಗಿತ್ತು. ಪ್ರೈಮರಿಯನ್ನು ಸೆಪ್ಟೆಂಬರಿನಿಂದ ಜೂನ್‌ಗೆ ಎಳೆದಿದ್ದರೆ ಬೇಕಾದಷ್ಟು ವಾರ ಸಿಗುತ್ತಿತ್ತು. ರಾಜ್ಯದ ಶಾಸಕರು ಬೇರೆಯೇ ದಾರಿ ಕಂಡುಕೊಂಡರು: ಗೋದಾಮಿನ ಬಾಗಿಲು ತೆಗೆದು, ಕಬ್ಬಿಣದ ಪೆಟ್ಟಿಗೆಗಳ ಧೂಳು ಕೊಡವಿ, ಪ್ರೈಮರಿಗೂ ರನ್‌ಆಫ್‌ಗೂ ಅವನ್ನೇ ವಾಪಸ್ ತನ್ನಿ, ರನ್‌ಆಫನ್ನು ಸೆಪ್ಟೆಂಬರ್ 24ರಿಂದ ಅಕ್ಟೋಬರ್ 1ಕ್ಕೆ ಒಂದು ವಾರ ಮುಂದಕ್ಕೆ ಹಾಕಿ, ನವೆಂಬರಿನ ಅಂತಿಮ ಚುನಾವಣೆಗೆ ಮತ್ತೆ ಸ್ಕ್ಯಾನರ್. ಹೀಗೆ ಒಂದೇ ಋತುವಿನಲ್ಲಿ ನ್ಯೂಯಾರ್ಕಿನ ಮತದಾರ ಹಳೆಯ ಶತಮಾನಕ್ಕೆ ಹೋಗಿ ಹೊಸ ಶತಮಾನಕ್ಕೆ ಬಂದ. ಈ ಮಸೂದೆಗೆ ಸಹಿ ಹಾಕಿದ ಗವರ್ನರ್ ಆಂಡ್ರ್ಯೂ ಕುವೊಮೊ. 1977ರಲ್ಲಿ ಇದೇ ಪೆಟ್ಟಿಗೆಗಳ ಮುಂದೆ ರನ್‌ಆಫ್ ಸೋತ ಮಾರಿಯೊ ಕುವೊಮೊ ಅವರ ಮಗ. ತಂದೆಯನ್ನು ಸೋಲಿಸಿದ ಯಂತ್ರಕ್ಕೆ ಮಗ ಕೊಟ್ಟ ಪುನರ್ವಸತಿ ಅದು.

ಇಷ್ಟೆಲ್ಲ ಮಾಡಿ ಆದದ್ದೇನು? ಮೇಯರ್ ಸ್ಥಾನಕ್ಕೆ ರನ್‌ಆಫ್ ಬೇಕಾಗಲೇ ಇಲ್ಲ. ಬಿಲ್ ಡಿ ಬ್ಲಾಸಿಯೊ ನೂರಕ್ಕೆ 40ರ ಗೆರೆಯನ್ನು ಕೂದಲೆಳೆಯಲ್ಲಿ ದಾಟಿದರು. ದಾಟಿದರೋ ಇಲ್ಲವೋ ಎಂದು ಪೂರ್ತಿ ಎಣಿಸಿ ಹೇಳುವಷ್ಟರಲ್ಲಿ ಎರಡನೇ ಸ್ಥಾನದ ಬಿಲ್ ಥಾಂಪ್ಸನ್ ಅವರೇ ಬೇಸತ್ತು, ಸೆಪ್ಟೆಂಬರ್ 16ರಂದು ಸೋಲೊಪ್ಪಿಕೊಂಡರು. ಉಳಿದದ್ದು ಪಬ್ಲಿಕ್ ಅಡ್ವೊಕೇಟ್ ಎಂಬ ಹುದ್ದೆ. ನಾಗರಿಕರ ಅಹವಾಲು ಕೇಳುವುದು, ಮೇಯರ್ ಸ್ಥಾನ ತೆರವಾದರೆ ಸದ್ಯಕ್ಕೆ ಹೋಗಿ ಕೂರುವುದು ಅದರ ಕೆಲಸ. ಆ ಕಚೇರಿಯ ಅಂದಿನ ವಾರ್ಷಿಕ ಬಜೆಟ್ ಸುಮಾರು 23 ಲಕ್ಷ ಡಾಲರ್. ಅದಕ್ಕೊಬ್ಬರನ್ನು ಆರಿಸಲು ನಡೆದ ರನ್‌ಆಫಿನ ಖರ್ಚು ಸುಮಾರು 1.3 ಕೋಟಿ ಡಾಲರ್. ನಾಲ್ಕು ವರ್ಷದ ಅವಧಿಯಲ್ಲಿ ಕಚೇರಿಯಿಡೀ ಖರ್ಚು ಮಾಡುವುದಕ್ಕಿಂತ ಹೆಚ್ಚು ಹಣ, ಅಲ್ಲಿ ಯಾರು ಕೂರಬೇಕೆಂದು ತೀರ್ಮಾನಿಸಲು ಹೋಯಿತು. ಮತ ಹಾಕಲು ಬಂದವರು ಅರ್ಹರಲ್ಲಿ ನೂರಕ್ಕೆ ಏಳರ ಆಸುಪಾಸು. ಡೇನಿಯಲ್ ಸ್ಕ್ವಾಡ್ರನ್ ವಿರುದ್ಧ ಲೆಟಿಶಿಯಾ ಜೇಮ್ಸ್ ಗೆದ್ದರು. ಯಾರೂ ಅಲ್ಪಮತದಲ್ಲಿ ಗೆಲ್ಲಬಾರದು ಎಂಬುದು ರನ್‌ಆಫಿನ ಮೂಲ ಆಶಯ. ನೂರರಲ್ಲಿ ತೊಂಬತ್ಮೂರು ಜನ ಮನೆಯಲ್ಲಿದ್ದಾಗ, ಉಳಿದ ಏಳರಲ್ಲಿ ನಾಲ್ಕು ಜನರ ಭರ್ಜರಿ ಬಹುಮತದಿಂದ ಆ ಆಶಯ ಈಡೇರಿತು.

ಈ ಏಳರಲ್ಲಿ ನಾಲ್ಕನ್ನು ನೋಡಿ ನಾಚಿ, 2019ರಲ್ಲಿ ನ್ಯೂಯಾರ್ಕಿಗರು ಜನಮತಗಣನೆ ನಡೆಸಿ ಪ್ರೈಮರಿಯ ರನ್‌ಆಫನ್ನೇ ಕಿತ್ತುಹಾಕಿದರು. ಬದಲಿಗೆ ಪ್ರಾಶಸ್ತ್ಯ ಮತ ಬಂತು. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಗೊತ್ತಿರುವ ಒಂದು, ಎರಡು, ಮೂರು. ಒಮ್ಮೆಯೇ ಮತ ಹಾಕಿದರೆ ಸಾಕು, ಎರಡನೇ ಸುತ್ತು ಕಾಗದದ ಮೇಲೆಯೇ ನಡೆದುಹೋಗುತ್ತದೆ. ಇನ್ನು ಸಿದ್ಧತೆಯ ಸಮಸ್ಯೆಯೇ ಇಲ್ಲ ಎಂದುಕೊಂಡರು. 2021ರ ಜೂನ್ 22ರಂದು ಮೇಯರ್ ಪ್ರೈಮರಿ ನಡೆಯಿತು. ಒಂದು ವಾರದ ನಂತರ ಮಂಡಳಿ ಪ್ರಾಶಸ್ತ್ಯ ಎಣಿಕೆಯ ಮೊದಲ ಲೆಕ್ಕ ಬಿಡುಗಡೆ ಮಾಡಿ, ಅದೇ ದಿನ ವಾಪಸ್ ಪಡೆಯಿತು. ಸಾಫ್ಟ್‌ವೇರ್ ಸರಿಯಿದೆಯೇ ಎಂದು ನೋಡಲು ಮೊದಲೇ ತುಂಬಿದ್ದ ಸುಮಾರು 1,35,000 ಪರೀಕ್ಷಾ ಮತಗಳನ್ನು ಅಳಿಸಲು ಮರೆತು, ಅವನ್ನೂ ಎಣಿಸಿದ್ದರು. ಸಿದ್ಧತೆಗೆಂದು ಹಾಕಿದ ಮತಗಳೇ ಎಣಿಕೆಗೆ ಬಂದ ಮೇಲೆ, ಮಂಡಳಿ ಸಿದ್ಧತೆ ಮಾಡಿರಲಿಲ್ಲ ಎಂದು ಇನ್ನು ಯಾರೂ ಆರೋಪಿಸುವಂತಿಲ್ಲ. ಕೊನೆಗೆ ಎರಿಕ್ ಆಡಮ್ಸ್ ಅವರು ಕ್ಯಾಥ್ರಿನ್ ಗಾರ್ಸಿಯಾ ಅವರನ್ನು 7,197 ಮತಗಳಿಂದ ಸೋಲಿಸಿದರು. ಪರೀಕ್ಷಾ ಮತಗಳ ಸಂಖ್ಯೆ ಗೆಲುವಿನ ಅಂತರದ ಸುಮಾರು ಹತ್ತೊಂಬತ್ತು ಪಟ್ಟು.

ಹಾಗಾದರೆ ಎರಡನೇ ಸುತ್ತಿಗೆ ನಿಜಕ್ಕೂ ಎಷ್ಟು ದಿನ ಬೇಕು? ಫ್ರಾನ್ಸನ್ನು ಕೇಳಿದರೆ, ಏಳು ಎನ್ನುತ್ತದೆ. ಸುಮಾರು 35,000 ಊರುಗಳಿಗೆ ನಗರಸಭೆ ಚುನಾವಣೆ ಒಂದು ಭಾನುವಾರ, ಎರಡನೇ ಸುತ್ತು ಮುಂದಿನ ಭಾನುವಾರ. ಮಂಗಳವಾರ ಸಂಜೆ ಆರಕ್ಕೆ ಎರಡನೇ ಸುತ್ತಿನ ಅಭ್ಯರ್ಥಿಗಳ ಪಟ್ಟಿ ಕೊಡಬೇಕು. ಅಂದರೆ ಸೋಮವಾರ ಒಂದು ಹಗಲು, ಮಂಗಳವಾರ ಮುಕ್ಕಾಲು ಹಗಲು. ಇಷ್ಟರಲ್ಲೇ ಮೊನ್ನೆಯವರೆಗೆ ಕಚ್ಚಾಡಿದ ಪಟ್ಟಿಗಳು ಒಂದಾಗಬಹುದು, ಕುರ್ಚಿ ಹಂಚಿಕೊಳ್ಳಬಹುದು. ನಮ್ಮಲ್ಲಾದರೆ ರೆಸಾರ್ಟ್ ಬುಕ್ ಮಾಡಲಿಕ್ಕೇ ಅಷ್ಟು ಹೊತ್ತು ಬೇಕು. ಅವರ ಗುಟ್ಟು ದೊಡ್ಡದೇನಲ್ಲ. ಹೆಚ್ಚಿನ ಕಡೆ ಚೀಟಿ, ಲಕೋಟೆ, ಗಾಜಿನಂತೆ ಪಾರದರ್ಶಕವಾದ ಪೆಟ್ಟಿಗೆ, ಅದೇ ರಾತ್ರಿ ಕೈಯಲ್ಲಿ ಎಣಿಕೆ.

ಅವರೂ ಒಮ್ಮೆ ಎಡವಿದ್ದಾರೆ. 2020ರ ಮಾರ್ಚ್ 14ರ ಸಂಜೆ, ಕೋವಿಡ್ ಕಾರಣಕ್ಕೆ ಮಧ್ಯರಾತ್ರಿಯಿಂದ ಹೋಟೆಲು, ಕೆಫೆ ಎಲ್ಲ ಬಂದ್ ಎಂದು ಪ್ರಧಾನಿ ಎದ್ವಾ ಫಿಲಿಪ್ ಸಾರಿದರು. ಮಾರನೆಯ ದಿನ ಮೊದಲ ಸುತ್ತಿನ ಮತದಾನ ಮಾತ್ರ ನಡೆಯಿತು. ಕಾಫಿ ಕುಡಿಯಲು ಹೊರಗೆ ಬಂದರೆ ರೋಗ ಅಂಟುತ್ತದೆ, ಮತ ಹಾಕಲು ಬಂದರೆ ಅಂಟುವುದಿಲ್ಲ ಎಂದು ಜನ ತಿಳಿದುಕೊಳ್ಳಬೇಕಾಯಿತು. ಅದರ ಮಾರನೆಯ ದಿನ ಲಾಕ್‌ಡೌನ್ ಘೋಷಣೆ. ಮಾರ್ಚ್ 22ರ ಎರಡನೇ ಸುತ್ತು ಜೂನ್ 28ಕ್ಕೆ ಹೋಯಿತು. ಒಂದು ವಾರದ ಅಂತರ ಹದಿನೈದು ವಾರವಾಯಿತು. ಅಲ್ಲಿ ಗಮನಿಸಬೇಕಾದದ್ದು ಒಂದೇ: ಕಾರಣವಿತ್ತು, ಹೊಸ ದಿನಾಂಕವೂ ಗೊತ್ತಾಯಿತು, ಆ ದಿನ ಮತದಾನವೂ ಆಯಿತು.

ಷಿಕಾಗೊವನ್ನು ಕೇಳಿದರೆ ಐದಾರು ವಾರ ಎನ್ನುತ್ತದೆ. ಅಲ್ಲಿ ಮೊದಲ ಸುತ್ತು ಫೆಬ್ರುವರಿಯ ಕೊನೆಗೆ, ಎರಡನೆಯದು ಏಪ್ರಿಲ್‌ನ ಮೊದಲ ಮಂಗಳವಾರ. ಯಾರು ನಿಲ್ಲುತ್ತಾರೆಂದು ಅವರ ಮನೆಯವರಿಗೂ ಗೊತ್ತಿಲ್ಲದ ಕಾಲದಲ್ಲೇ ದಿನಾಂಕ ಗೊತ್ತಿರುತ್ತದೆ. 2023ರಲ್ಲಿ ಹಾಲಿ ಮೇಯರ್ ಲೋರಿ ಲೈಟ್‌ಫುಟ್ ಮೊದಲ ಸುತ್ತಿನಲ್ಲೇ ಮನೆಗೆ ಹೋದರು. ಆ ಸುತ್ತಿನಲ್ಲಿ ಪಾಲ್ ವ್ಯಾಲಸ್ ಬಹಳ ಮುಂದಿದ್ದರು, ಬ್ರ್ಯಾಂಡನ್ ಜಾನ್ಸನ್ ಎರಡನೆಯವರು. ಐದು ವಾರದ ನಂತರ ಜಾನ್ಸನ್ ಗೆದ್ದರು. ಸಿದ್ಧತೆ ಎಂದರೆ ಅಚ್ಚಿನ ಮನೆ, ಯಂತ್ರ, ಅಂಚೆ ಎಂದಷ್ಟೇ ಎಲ್ಲರೂ ತಿಳಿದಿದ್ದಾರೆ. ಮೊದಲ ಸುತ್ತಿನಲ್ಲಿ ಬೇರೆಯವರಿಗೆ ಮತ ಹಾಕಿದ್ದ ಅರ್ಧಕ್ಕರ್ಧ ಊರು, ಉಳಿದ ಇಬ್ಬರನ್ನು ಹೊಸದಾಗಿ ನೋಡಿ, ಕೇಳಿ, ಬೈದು, ಮನಸ್ಸು ಬದಲಿಸಲಿಕ್ಕೂ ದಿನಗಳು ಬೇಕು. ತೀರ ಅವಸರದ ರನ್‌ಆಫಿನಲ್ಲಿ ಗೆಲ್ಲುವುದು ಕಾರ್ಯಕರ್ತರ ಪಡೆ ಮತ್ತು ಹಳೆಯ ಹೆಸರು. ಮತದಾರನ ಸಿದ್ಧತೆಗೆ ಸಮಯ ಕೊಡಿ ಎಂದು ಯಾವ ಮಂಡಳಿಯೂ ಅರ್ಜಿ ಹಾಕಿದ ಹಾಗೆ ಕಾಣೆ.

ಇನ್ನು ಜಾರ್ಜಿಯಾ ರಾಜ್ಯ. ಅಲ್ಲಿನದು ನಗರದ ಚುನಾವಣೆಯಲ್ಲ, ಸೆನೆಟ್ಟಿನದು. ಆದರೂ ಬುದ್ಧಿವಂತಿಕೆ ಅದೇ. ವಿದೇಶದಲ್ಲಿರುವ ಸೈನಿಕರಿಗೆ ಮತಪತ್ರ ಹೋಗಿ ಬರಲು ಸಮಯ ಸಾಲದು ಎಂದು ಕೋರ್ಟು ಗದರಿಸಿದ ಮೇಲೆ, ಇಂಥ ಚುನಾವಣೆಗಳ ರನ್‌ಆಫ್‌ಗೆ ಒಂಬತ್ತು ವಾರ ಇಟ್ಟಿದ್ದರು. 2020ರ ನವೆಂಬರ್ 3ರ ಚುನಾವಣೆಗೆ 2021ರ ಜನವರಿ 5ರಂದು ರನ್‌ಆಫ್ ನಡೆದು, ರಾಜ್ಯದ ಎರಡೂ ಸೆನೆಟ್ ಸ್ಥಾನ ಡೆಮಾಕ್ರಟರ ಪಾಲಾದವು. ಅದೇ ವರ್ಷದ ಮಾರ್ಚ್‌ನಲ್ಲಿ ರಿಪಬ್ಲಿಕನ್ ಬಹುಮತದ ಶಾಸನಸಭೆಗೆ ಜ್ಞಾನೋದಯವಾಯಿತು: ಒಂಬತ್ತು ವಾರ ಬಹಳವಾಯಿತು, ನಾಲ್ಕು ಸಾಕು. ಒಂಬತ್ತು ವಾರದಲ್ಲಿ ತಾವೇ ಗೆದ್ದಿದ್ದರೆ ಅದೇ ಒಂಬತ್ತು ಪವಿತ್ರ ಸಂಖ್ಯೆಯಾಗಿ ಉಳಿಯುತ್ತಿತ್ತೋ ಏನೋ. ಸೈನಿಕರ ಕೈಗೆ ಮೊದಲೇ ಪ್ರಾಶಸ್ತ್ಯ ಮತಪತ್ರ ಕೊಟ್ಟು ಸಮಾಧಾನ ಮಾಡಿದರು.

ನಮ್ಮ ದೇಶದಲ್ಲಿ ಇಂಥ ರನ್‌ಆಫ್ ಇಲ್ಲ. ಬೇಕು ಎಂದು ಯೋಚಿಸಿದವರು ಇದ್ದರು. ಸಂವಿಧಾನದ ಕಾರ್ಯವೈಖರಿ ಪರಿಶೀಲಿಸಲು 2000ದಲ್ಲಿ ನೇಮಕವಾದ ರಾಷ್ಟ್ರೀಯ ಆಯೋಗಕ್ಕೆ ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅಧ್ಯಕ್ಷರು. 2002ರ ವರದಿಯಲ್ಲಿ ಆಯೋಗ ಈ ವಿಚಾರ ಚರ್ಚಿಸಿತು: ಗೆಲ್ಲಲು ಅರ್ಧಕ್ಕಿಂತ ಒಂದು ಮತ ಹೆಚ್ಚು ಬೇಕು, ಯಾರಿಗೂ ಬಾರದಿದ್ದರೆ ಮೊದಲಿಬ್ಬರ ನಡುವೆ ಮರುದಿನವೇ ಅಥವಾ ಆದಷ್ಟು ಬೇಗ ಎರಡನೇ ಸುತ್ತು. ಮರುದಿನವೇ! ನ್ಯೂಯಾರ್ಕಿನ ಮಂಡಳಿಗೆ ಇದನ್ನು ಓದಿ ಹೇಳಿದರೆ ಹತ್ತೂ ಆಯುಕ್ತರು ಒಮ್ಮತದಿಂದ ಮೂರ್ಛೆ ಹೋಗುತ್ತಾರೆ. ಸರ್ಕಾರ ಮತ್ತು ಚುನಾವಣಾ ಆಯೋಗ ಇದನ್ನು ಎಲ್ಲ ಕೋನಗಳಿಂದ ಪರಿಶೀಲಿಸಲಿ ಎಂದು ವರದಿ ಹೇಳಿತು. ಇಪ್ಪತ್ತು ವರ್ಷ ದಾಟಿತು. ಕೋನಗಳು ಬಹಳ ಇರಬೇಕು.

ಮರುದಿನವೇ ಎಂಬ ಆ ಧೈರ್ಯದ ಹಿಂದೆ ನಮ್ಮ ಮತಯಂತ್ರವಿದೆ. ಅದನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಹೈದರಾಬಾದಿನ ಇಸಿಐಎಲ್, ಇನ್ನೊಂದು ಬೆಂಗಳೂರಿನ ಬಿಇಎಲ್. ಇಡೀ ದೇಶಕ್ಕೆ ಮತಯಂತ್ರ ಕಳಿಸುವ ಊರು ತನ್ನ ಪಾಲಿಕೆಯ ಚುನಾವಣೆಗೆ ಎಷ್ಟು ಸಿದ್ಧವಾಗಿತ್ತು ಎಂಬುದು ನೋಡಬೇಕಾದ ವಿಷಯ.

ಸಂವಿಧಾನದ 243ಯು ವಿಧಿ ಸ್ಪಷ್ಟ: ನಗರಾಡಳಿತದ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು. 2006ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಇದನ್ನೇ ಒತ್ತಿ ಹೇಳಿತು. ಬೆಂಗಳೂರಿನ ಪಾಲಿಕೆಯಾದ ಬಿಬಿಎಂಪಿಗೆ ಕೊನೆಯ ಸಲ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ, 198 ವಾರ್ಡುಗಳಿಗೆ. ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. ಅವಧಿ ಮುಗಿಯುವ ದಿನಾಂಕ ಐದು ವರ್ಷ ಮೊದಲೇ ಗೊತ್ತಿತ್ತು. ರನ್‌ಆಫಿನ ಹಾಗೆ ಬೇಕಾಗುತ್ತದೋ ಇಲ್ಲವೋ ಎಂಬ ಗೊಂದಲವೂ ಇರಲಿಲ್ಲ. ಆದರೂ ಅಂದಿನಿಂದ ಆಡಳಿತಾಧಿಕಾರಿ. ಆ ಡಿಸೆಂಬರಿನಲ್ಲಿ ಹೈಕೋರ್ಟ್ ಚುನಾವಣೆ ನಡೆಸಿ ಎಂದಿತು, ಅದೇ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅಷ್ಟರಲ್ಲಿ ಸರ್ಕಾರ ಹೊಸ ಕಾಯ್ದೆ ತಂದು 198ನ್ನು 243 ಮಾಡಿತ್ತು. ಬಿಜೆಪಿ ಸರ್ಕಾರ 2022ರಲ್ಲಿ 243ರ ಗಡಿ ಗೀಚಿತು; ಕಾಂಗ್ರೆಸ್ ಸರ್ಕಾರ 2023ರಲ್ಲಿ ಅದನ್ನು ಅಳಿಸಿ 225 ಮಾಡಿತು. ಆಮೇಲೆ ಪಾಲಿಕೆಯನ್ನೇ ಅಳಿಸಿ, 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಮಾಡಿದರು. ವಾರ್ಡುಗಳು 369. ಆ ಸೆಪ್ಟೆಂಬರಿಗೆ, ಚುನಾಯಿತ ಕೌನ್ಸಿಲ್ ಇಲ್ಲದೆ ಒಂದು ಕೌನ್ಸಿಲ್ಲಿನ ಪೂರ್ತಿ ಅವಧಿ ಕಳೆದಿತ್ತು.

ಇದರಿಂದ ನೊಂದ ಜೀವ ಎಂದರೆ ಪ್ರತಿ ಬಡಾವಣೆಯಲ್ಲೂ ಇರುವ ‘ಆಕಾಂಕ್ಷಿ’. ನಮ್ಮ ಕಡೆಯೂ ಒಬ್ಬರಿದ್ದಾರೆ. ಗಣೇಶನ ಹಬ್ಬ, ರಾಜ್ಯೋತ್ಸವ, ವರಮಹಾಲಕ್ಷ್ಮಿ ಎಲ್ಲಕ್ಕೂ ಅವರ ಫ್ಲೆಕ್ಸ್ ಇರುತ್ತದೆ. ಹೆಸರಿನ ಕೆಳಗೆ ‘ಮುಂದಿನ ಪಾಲಿಕೆ ಸದಸ್ಯರು’, ವಾರ್ಡ್ ನಂಬರಿನ ಜಾಗ ಖಾಲಿ.

‘ಯಾಕಣ್ಣಾ ನಂಬರ್ ಹಾಕಿಸಿಲ್ಲ?’ ಎಂದೆ.

‘ಯಾವ್ದು ಅಂತ ಹಾಕಿಸ್ಲಿ ಸಾರ್? 243 ಅಂದಾಗ ಆ ಗಡಿ ನೋಡ್ಕೊಂಡು ಕುಕ್ಕರ್ ಹಂಚ್ದೆ. 225 ಅಂದಾಗ ಆ ಗಡಿ ನೋಡ್ಕೊಂಡು ತಿರುಪತಿಗೆ ಬಸ್ಸು ಕಳಿಸ್ದೆ. ಈಗ ನೋಡಿದ್ರೆ ಕುಕ್ಕರ್ ತಗೊಂಡೋರು ರಸ್ತೆ ಆ ಕಡೆ ವಾರ್ಡಿಗೆ ಸೇರವ್ರೆ, ತಿರುಪತಿಗೆ ಹೋದೋರು ಬೇರೆ ಕಾರ್ಪೊರೇಷನ್‌ಗೇ ಹೋಗವ್ರೆ. ನನ್ ವಾರ್ಡಲ್ಲಿ ಇರೋರೆಲ್ಲ ಹೊಸಬ್ರು, ನನ್ನಿಂದ ಒಂದು ಲೋಟನೂ ತಗೊಂಡಿಲ್ಲ.’

ನ್ಯೂಯಾರ್ಕಿನ ಕಥೆ ಹೇಳಿದೆ. ಹದಿನಾಲ್ಕು ದಿನ ಸಾಲದೆ ಒಂದು ವಾರ ಹೆಚ್ಚಿಗೆ ಕೊಟ್ಟರಂತೆ ಎಂದೆ.

‘ಒಂದೇ ವಾರನಾ?’ ಅವರಿಗೆ ಕನಿಕರವಾಯಿತು. ‘ಪಾಪ, ಆ ಜನಕ್ಕೆ ಮೀಸಲಾತಿ ಪಟ್ಟಿ, ಕರಡು ಪಟ್ಟಿ, ಆಕ್ಷೇಪಣೆ ಯಾವ್ದೂ ಗೊತ್ತಿಲ್ವಾ ಸಾರ್? ನಮ್ ಎಮ್ಮೆಲ್ಲೆನ ಒಂದ್ಸಲ ಕಳಿಸ್ಬೇಕು ಅಲ್ಲಿಗೆ.’

ಅವರು ಬಾಯಿತಪ್ಪಿ ಸತ್ಯ ಹೇಳಿದ್ದರು. ಕೌನ್ಸಿಲ್ ಇಲ್ಲದ ಊರಿನಲ್ಲಿ ಪಾಲಿಕೆಯ ಕಾಮಗಾರಿ ಯಾವ ರಸ್ತೆಗೆ, ಗುದ್ದಲಿ ಪೂಜೆ ಯಾರಿಂದ, ಅನುದಾನ ಯಾವ ಕಡೆಗೆ ಎಂಬುದಕ್ಕೆಲ್ಲ ಶಾಸಕರು ಮತ್ತು ಮಂತ್ರಿಗಳ ಮಾತೇ ಕೊನೆ. ಕಾರ್ಪೊರೇಟರ್ ಎಂಬ ಪಾಲುದಾರ ಇಲ್ಲ. ವಾರ್ಡಿನಲ್ಲಿ ಚರಂಡಿ ಕಟ್ಟಿಕೊಂಡರೆ ಜನ ಬೈಯಲು ಆಡಳಿತಾಧಿಕಾರಿ ಇದ್ದಾರೆ. ಅವರಿಗೆ ಮತ ಬೇಕಾಗಿಲ್ಲ, ಹಾಗಾಗಿ ಬೈಗುಳ ತಟ್ಟುವುದಿಲ್ಲ. ಇಷ್ಟು ಸುಖದ ವ್ಯವಸ್ಥೆಗೆ ಯಾರು ತಾನೇ ಅವಸರದಿಂದ ತೆರೆ ಎಳೆಯುತ್ತಾರೆ? ಈ ಒಂದು ವಿಷಯದಲ್ಲಿ ಆಡಳಿತ ಪಕ್ಷಕ್ಕೂ ವಿರೋಧ ಪಕ್ಷಕ್ಕೂ ಎಷ್ಟು ಸೌಹಾರ್ದವಿದೆ ಎಂಬುದಕ್ಕೆ, ಇಬ್ಬರೂ ಸರದಿಯ ಮೇಲೆ ಗೀಚಿದ ವಾರ್ಡ್ ನಕ್ಷೆಗಳೇ ಸಾಕ್ಷಿ. 2021ರಲ್ಲಿ ಅವಧಿ ಮುಗಿದ ಜಿಲ್ಲಾ ಪಂಚಾಯತಿ, ತಾಲ್ಲೂಕು ಪಂಚಾಯತಿಗಳಿಗೂ ವರ್ಷಗಟ್ಟಲೆ ಇದೇ ಭಾಗ್ಯ ಸಿಕ್ಕಿತು. ಬೆಂಗಳೂರಿಗೆ ಮಾತ್ರ ವಿಶೇಷ ಸವಲತ್ತು ಎಂದು ಹಳ್ಳಿಯವರು ಹೊಟ್ಟೆಕಿಚ್ಚು ಪಡಬೇಕಾಗಿಲ್ಲ.

ನ್ಯೂಯಾರ್ಕಿನ ಎರಡು ವಾರ, ಫ್ರಾನ್ಸಿನ ಒಂದು ವಾರ, ಷಿಕಾಗೊದ ಐದು ವಾರ, ಜಾರ್ಜಿಯಾದ ಒಂಬತ್ತು, ಆಮೇಲೆ ನಾಲ್ಕು, ನಮ್ಮ ಐದು ವರ್ಷ. ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಎಷ್ಟು ದಿನ ಎಂಬುದು ಅಂಥ ಕಠಿಣ ಪ್ರಶ್ನೆಯಲ್ಲ. ಅಚ್ಚಿನ ಮನೆಯವರನ್ನು, ಅಂಚೆಯವರನ್ನು, ಯಂತ್ರ ಪರೀಕ್ಷಿಸುವ ಎಂಜಿನಿಯರನ್ನು, ಮತಗಟ್ಟೆಗೆ ಹೋಗುವ ಮೇಷ್ಟರನ್ನು ಕೂರಿಸಿಕೊಂಡು ಒಂದು ಮಧ್ಯಾಹ್ನ ಕೇಳಿದರೆ ಉತ್ತರ ಸಿಗುತ್ತದೆ. ಅದಕ್ಕೆ ಮತದಾರ ಯೋಚಿಸಲು ಒಂದೆರಡು ವಾರ ಸೇರಿಸಿ. ಬಂದ ಸಂಖ್ಯೆಯನ್ನು ಕಾನೂನಿನಲ್ಲಿ ಬರೆಯಿರಿ. ಬರೆಯುವ ದಿನ ಮುಂದೆ ಯಾರು ಗೆಲ್ಲುತ್ತಾರೆ, ಯಾರು ಎರಡನೆಯವರಾಗುತ್ತಾರೆ, ಯಾವ ಸರ್ಕಾರ ಇರುತ್ತದೆ ಎಂಬುದು ಯಾರಿಗೂ ಗೊತ್ತಿರಬಾರದು. ಷರತ್ತು ಇದೊಂದೇ. ವಾರ್ಡ್ ಗಡಿ ಬದಲಿಸಬೇಕೇ? ಧಾರಾಳವಾಗಿ ಬದಲಿಸಿ, ಅವಧಿ ಮುಗಿಯಲು ಒಂದು ವರ್ಷ ಇರುವಾಗ ಎಲ್ಲಿ ನಿಂತಿರುತ್ತೀರೋ ಅದೇ ಗಡಿಯಲ್ಲಿ ಚುನಾವಣೆ, ಮಿಕ್ಕದ್ದು ಮುಂದಿನ ಸಲಕ್ಕೆ. ಕುದುರೆಗಳು ಓಡತೊಡಗಿದ ಮೇಲೆ ಗುರಿಯ ಕಂಬವನ್ನು ಹೊತ್ತು ತಿರುಗುವುದಕ್ಕೆ ಸಿದ್ಧತೆ ಎಂದು ಹೆಸರಿಟ್ಟವರಿಗೆ ಈ ಷರತ್ತು ಕಹಿಯಾಗಬಹುದು.

ಆದರೆ ಇಂಥ ಕಾನೂನು ಮಾಡಬೇಕಾದವರೂ ಅವರೇ. ಆದ್ದರಿಂದ ಇನ್ನೊಂದು ಕಲಮು ಸೇರಿಸುವುದು ವಾಸಿ: ಪಾಲಿಕೆ ಚುನಾವಣೆ ಎಷ್ಟು ದಿನ ತಡವಾಗಿರುತ್ತದೋ, ಅಷ್ಟೂ ದಿನ ಮುಂದಿನ ವಿಧಾನಸಭಾ ಚುನಾವಣೆಯೂ ತಡವಾಗತಕ್ಕದ್ದು. ಶಾಸಕರ ಅವಧಿ ಮುಗಿದ ದಿನ ಅವರೆಲ್ಲ ಮಾಜಿಗಳು. ವಿಧಾನಸೌಧದಲ್ಲಿ ಒಬ್ಬ ಐಎಎಸ್ ಆಡಳಿತಾಧಿಕಾರಿ. ಬೆಂಗಾವಲು ವಾಹನ ವಾಪಸ್, ಶಾಸಕರ ಭವನದ ಬೀಗದಕೈ ವಾಪಸ್, ಅನುದಾನ ಬಂದ್. ಕ್ಷೇತ್ರ ಪುನರ್ವಿಂಗಡಣೆಗೆ ಆಕ್ಷೇಪಣೆ ಇದ್ದರೆ ನಮೂನೆಯಲ್ಲಿ ಸಲ್ಲಿಸಿ ಸರದಿಯಲ್ಲಿ ನಿಲ್ಲತಕ್ಕದ್ದು. ಆಮೇಲೆ ಅವರನ್ನು ಕೇಳಿ, ‘ಸ್ವಾಮಿ, ಚುನಾವಣೆಯ ಸಿದ್ಧತೆಗೆ ಎಷ್ಟು ದಿನ ಬೇಕಾಗಬಹುದು?’

ಮತಗಟ್ಟೆಗೆ ಮೇಜು, ಕುರ್ಚಿ, ಶಾಯಿ, ಯಂತ್ರ ಎಲ್ಲವನ್ನೂ ತಮ್ಮ ಕಾರಿನಲ್ಲೇ ಹಾಕಿಕೊಂಡು ನಾಳೆ ಬೆಳಿಗ್ಗೆ ಏಳಕ್ಕೆ ಮೊದಲೇ ಬಂದು ಇಳಿಸುತ್ತಾರೆ.